ಬರಿಗೈಯ ನೀರು

ಅವರ ಬಲಗೈಯ ತೋರುಬೆರಳಿಗೆ ತುದಿ ಇರಲಿಲ್ಲ. ಯಾವ ಕಾಲದಲ್ಲೋ ಮೂಗುದಾರ ಹಾಕುವಾಗ ಹೋರಿಯೊಂದು ತಲೆ ಕೊಡವಿ, ಹಗ್ಗಕ್ಕೂ ಕಂಬಕ್ಕೂ ನಡುವೆ ಸಿಕ್ಕ ಬೆರಳು ಮೊದಲ ಗೆಣ್ಣಿನವರೆಗೆ ಹೋಗಿತ್ತಂತೆ. ರಬ್ಬರ್ ಗ್ಲೌಸು ಹಾಕಿಕೊಂಡರೆ ಆ ಬೆರಳಿನ ಮುಂದೆ ಖಾಲಿ ರಬ್ಬರು ಜೋತುಬಿದ್ದು ಅಲ್ಲಾಡುತ್ತಿತ್ತು. ಅದನ್ನು ನೋಡಿ ನನ್ನ ಮಗಳು ನಗುತ್ತಿದ್ದಳು. ಅವರೂ ಬೇಕೆಂದೇ ಇನ್ನಷ್ಟು ಅಲ್ಲಾಡಿಸುತ್ತಿದ್ದರು.

ಅವರು ಗಡಿಯಾಚೆ ತೆಲುಗು ಸೀಮೆಯ ಮಕ್ತಲ್‌ನ ದನದ ದವಾಖಾನೆಯ ಕಂಪೌಂಡರ್. ಮನೆ ನಮ್ಮ ಮನೆಯ ಎದುರಿಗೇ. ನಾನು ಅಲ್ಲಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ತಾತ್ಕಾಲಿಕ ಶಿಕ್ಷಕಿ. ಗಂಡನಿಗೆ ರಾಯಚೂರಿನ ಬೀಜದ ಅಂಗಡಿಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ಮಗಳು ಎರಡನೇ ತರಗತಿ. ನನಗೆ ಅವರು ಕಾಕಾ, ಮಗಳಿಗೆ ತಾತ, ಅವರಿಗೆ ನಾನು ಅಕ್ಕೋರು.

ಯಾರು ಎಂಥ ದನ ಹಿಡಿದುಕೊಂಡು ಬಂದರೂ ಅವರ ಮೊದಲ ಪ್ರಶ್ನೆ ಒಂದೇ: "ನೀರು ಕುಡದೈತೇನು?" ಕುಡಿದಿದ್ದರೆ ಮುಖ ಸಡಿಲವಾಗುತ್ತಿತ್ತು. ಇನ್ನು ಉಳಿಯುವುದಿಲ್ಲ ಅನ್ನಿಸಿದ ಪ್ರಾಣಿಯ ಬಾಯಿಗೆ ತಾವೇ ಒಂದು ಗುಟುಕು ನೀರು ಬಿಡುತ್ತಿದ್ದರು. ಆಗ ಕೈಯಲ್ಲಿ ಗ್ಲೌಸು ಇದ್ದರೆ ಕಿತ್ತು ಪಕ್ಕಕ್ಕಿಡುತ್ತಿದ್ದರು. ಹೋಗುವ ಜೀವಕ್ಕೆ ಕೈ ಮುಚ್ಚಿಕೊಂಡು ನೀರು ಬಿಡಬಾರದು ಎಂಬುದು ಅವರ ತಾಯಿ ಹೇಳಿಕೊಟ್ಟದ್ದು. ಆಮೇಲೆ ಮೂರು ಸಲ ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡು, ಕೈ ಒರೆಸದೆ ಗಾಳಿಗೆ ಹಿಡಿದು ನಿಲ್ಲುತ್ತಿದ್ದರು.

ತೆಲಂಗಾಣ ಬೇರೆಯಾದ ಮೊದಲ ಚಳಿಗಾಲ. ಅಥವಾ ಎರಡನೆಯದು, ಮಗಳ ತರಗತಿಯನ್ನು ಲೆಕ್ಕ ಹಿಡಿದರೆ ಒಂದು ಬರುತ್ತದೆ, ಅವರ ವಯಸ್ಸನ್ನು ಹಿಡಿದರೆ ಇನ್ನೊಂದು. ದೂರದ ಕೋಳಿ ಫಾರಮ್ಮುಗಳಲ್ಲಿ ಹಕ್ಕಿಜ್ವರ ಬಂದು ಕೋಳಿಗಳನ್ನು ಗುಂಡಿ ತೋಡಿ ಹೂಳುತ್ತಿದ್ದಾರೆಂಬ ಸುದ್ದಿ ಟಿ.ವಿ.ಯಲ್ಲಿ ಬರುತ್ತಿತ್ತು. ವಲಸೆ ಬಂದ ನೀರುಹಕ್ಕಿಗಳ ಹಿಕ್ಕೆಯನ್ನೂ, ಸತ್ತು ಬಿದ್ದವುಗಳ ಗಂಟಲ ದ್ರವವನ್ನೂ ತೆಗೆದು ಕಳಿಸಬೇಕೆಂದು ದವಾಖಾನೆಗೆ ಆರ್ಡರ್ ಬಂತು. ಚಳಿ ಶುರುವಾದರೆ ಜುರಾಲಾ ಅಣೆಕಟ್ಟಿನ ಹಿನ್ನೀರಿಗೂ ಸುತ್ತಲಿನ ಕೆರೆಗಳಿಗೂ ಉತ್ತರದಿಂದ ಬಾತುಗಳು ಬಂದಿಳಿಯುತ್ತವೆ. ಡಾಕ್ಟರಿಗೆ ಮೂರು ಮಂಡಲಗಳ ಚಾರ್ಜು, ಹಾಗಾಗಿ ಕೆರೆ ತಿರುಗುವ ಪಾಳಿ ಕಂಪೌಂಡರರದೇ.

ಚಹಾದಂಗಡಿಯವನು ಅವರನ್ನು ಬಿಡುತ್ತಿರಲಿಲ್ಲ. "ಕಂಪೌಂಡರ್ ಸಾಬ್, ಹಕ್ಕಿಗೂ ಶುಗರ್ ಟೆಸ್ಟ್ ಮಾಡಾಕ ಹತ್ತೀರೇನ್ರೀ?"

"ಮಾಡೀನಿ. ನಿನ್ನ ಚಾ ಕುಡದ್ರ ಅವಕೂ ಬರತೈತಿ," ಎನ್ನುತ್ತಿದ್ದರು.

ಆ ಮಾದರಿಗಳ ಶೀಶೆಗೆ ಅಂಟಿಸುವ ಚೀಟಿಯನ್ನು ಇಂಗ್ಲಿಷಿನಲ್ಲಿ ಓದಲು ಬರುವಂತೆ ಬರೆಯಬೇಕಿತ್ತು. ಫಾರಮ್ಮುಗಳಲ್ಲಿ ಹಳೆಯ ರಾಜ್ಯದ ಹೆಸರಿನ ಮೇಲೆ ಗೀಟು ಎಳೆದು ಹೊಸ ಹೆಸರು ಬರೆಯಬೇಕಿತ್ತು. ಅವರ ಅಕ್ಷರ ಅವರಿಗೇ ತಿಳಿಯುತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, "ಅಕ್ಕೋರೆ, ಒಂದ್ ತಾಸು ಬರ್ರಿ, ಕೂಸಿಗೂ ಬಾತು ತೋರಿಸಿದಂಗ ಆಗತೈತಿ," ಎಂದರು. ಮೂವರೂ ಅವರ ಸ್ಕೂಟರಿನಲ್ಲಿ ಹಿನ್ನೀರಿನ ಕಡೆ ಹೋದೆವು.

ನೀರಿನಂಚಿನಲ್ಲಿ ನೂರಾರು ಬಾತುಗಳು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಅಡ್ಡಕ್ಕೆ ಎರಡು ಕಪ್ಪು ಪಟ್ಟೆ. ಹಣೆಯ ವಿಭೂತಿ ಮುಟ್ಟಿಕೊಂಡು ಕಂಪೌಂಡರ್ ಮಗಳಿಗೆ ಹೇಳಿದರು: "ನಮ್ಮದು ಕರೀ ಹಣಿ ಮ್ಯಾಲ ಬಿಳೀ ಗೀಟು. ಅವುಗಳದು ಬಿಳೀ ತಲಿ ಮ್ಯಾಲ ಕರೀ ಗೀಟು. ಎಲ್ಲಾ ನಮ್ಮ ಮಂದೀನ." ಮಗಳನ್ನು ದಂಡೆಯ ಮೇಲೆ ಸ್ಕೂಟರಿನ ಹತ್ತಿರ ಕೂರಿಸಿ, ಕೆಳಗೆ ಬರಬಾರದೆಂದು ಹೇಳಿ ನಾವಿಬ್ಬರೂ ಇಳಿದೆವು. ನಾನು ಹತ್ತು ಹೆಜ್ಜೆ ಹಿಂದೆ ಕಲ್ಲಿನ ಮೇಲೆ ಕೂತು ಚೀಟಿ ಬರೆಯಬೇಕು, ಏನನ್ನೂ ಮುಟ್ಟಬಾರದು. ಆ ಮಾತನ್ನು ಅವರು ಮೂರು ಸಲ ಹೇಳಿದರು.

ಜೊಂಡಿನ ಬುಡದಲ್ಲಿ ಒಂದು ಬಾತು ಬಿದ್ದಿತ್ತು. ಸತ್ತಿರಲಿಲ್ಲ. ಕತ್ತು ಹಿಂದಕ್ಕೆ ತಿರುಚಿಕೊಂಡಿತ್ತು, ಒಂದು ಕಾಲು ನೀರನ್ನು ಹೊಡೆಯುತ್ತಲೇ ಇತ್ತು, ಕಣ್ಣಿನ ಮೇಲೆ ಹಾಲಿನಂಥ ಪೊರೆ. ಅದರಾಚೆ ಉಳಿದವು ಏನೂ ಆಗದಂತೆ ಮೇಯುತ್ತಿದ್ದವು.

"ಬರ್ರಿ ಕಾಕಾ, ಹೋಗೂಣು," ಎಂದೆ.

ಅವರು ಬಲಗೈಯ ಗ್ಲೌಸು ಕಿತ್ತರು.

ಇಲ್ಲಿಂದ ಮುಂದಿನದನ್ನು ನಾನು ಹಲವರಿಗೆ ಹಲವು ರೀತಿಯಲ್ಲಿ ಹೇಳಿದ್ದೇನೆ. ಅವರು ನೀರು ಕೇಳಿದರು, ನಾನು ಕೊಟ್ಟೆ ಎಂದು ಗಂಡನಿಗೆ. ಅವರೇ ಬಂದು ನನ್ನ ಚೀಲದಿಂದ ಮಗಳ ನೀರಿನ ಬಾಟಲಿ ತೆಗೆದುಕೊಂಡರು ಎಂದು ಸರ್ಕಾರಕ್ಕೆ. ಬಾಟಲಿ ಗುಲಾಬಿ ಬಣ್ಣದ್ದೆಂದು ನಾನು, ನೀಲಿಯದೆಂದು ಮಗಳು. ಒಂದಂತೂ ಬದಲಾಗುವುದಿಲ್ಲ: ಅದರ ಮುಚ್ಚಳ ನನ್ನ ಕೈಯಲ್ಲಿತ್ತು. ಅವರು ಕೇಳಿರಲಿಲ್ಲ. ಆ ಪ್ರಾಣಿಯ ಒದ್ದಾಟ ಬೇಗ ಮುಗಿಯಲಿ ಎಂದು ನಾನೇ ಎದ್ದು ಹೋಗಿ, ಮುಚ್ಚಳ ತೆಗೆದು, ಬಾಟಲಿ ಚಾಚಿದ್ದೆ. ಅವರು ಬರಿಗೈಯಲ್ಲಿ ಅದರ ಕೊಕ್ಕು ಬಿಡಿಸಿ ಬಾಟಲಿಯಿಂದಲೇ ನೀರು ಬಿಟ್ಟರು. ಬಾಟಲಿಯ ಬಾಯಿ ಕೊಕ್ಕಿಗೆ ತಾಗಿತು. ಕಾಲು ನಿಂತಿತು.

ಬಾಟಲಿಯನ್ನು ಕಲ್ಲಿನ ಮೇಲಿಟ್ಟು, "ಇದನ್ನೂ ಅದರ ಸಂಗಾಟ ಹೂಳಬೇಕು," ಎಂದರು. ಹೊಸ ಗ್ಲೌಸು ಹಾಕಿ, ಗಂಟಲಿನ ದ್ರವ ತೆಗೆದು, ಶೀಶೆಗೆ ಹಾಕಿ, ಗುಂಡಿ ತೋಡಿ ಸುಣ್ಣ ಸುರಿದು ಬಾತನ್ನು ಹೂಳಿದರು. ಅಷ್ಟರಲ್ಲಿ ನಾನು ಚೀಟಿ ಬರೆದು ಮುಗಿಸಿ ಸಾಮಾನು ಎತ್ತಿಟ್ಟೆ. ದಿನಾ ಶಾಲೆ ಬಿಟ್ಟಾಗ ಮಾಡುವ ಹಾಗೆ ಪೆನ್ನು, ಪ್ಯಾಡು, ಬಾಟಲಿ. ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿದ ನೆನಪು ನನಗಿಲ್ಲ. ಬೇರೆ ಯಾರೂ ಹಾಕುವಂತಿರಲಿಲ್ಲ. ಬಿಸಿಲಿನಲ್ಲಿ ಸುಣ್ಣದ ಗುಂಡಿ ಮುಚ್ಚುತ್ತಿದ್ದ ಅವರಿಗೂ ಅದು ಮರೆತುಹೋಯಿತು.

ಮನೆಗೆ ಬಂದು ಚೀಲ ಬಿಚ್ಚಿದೆ. ಬಾಟಲಿ ಖಾಲಿ.

"ನೀರ ಯಾರು ಕುಡದರು?"

"ನಾನ. ಸ್ಕೂಟರ್ ಮ್ಯಾಲ," ಎಂದಳು ಮಗಳು.

ಬಾಗಿಲು ದಾಟಿ ಎದುರು ಮನೆಗೆ ಹೋಗಿ ಹೇಳಲು ಇಪ್ಪತ್ತು ಹೆಜ್ಜೆ. ನಾನು ಹೋಗಲಿಲ್ಲ. ಬಾಟಲಿಯನ್ನು ಒಲೆಗೆ ಹಾಕಿದೆ. ಮಗಳ ಬಾಯಿ ತೊಳೆದೆ, ಮತ್ತೆ ತೊಳೆದೆ, ಅವಳು ಅಳುವವರೆಗೆ ತೊಳೆದೆ. ಹೇಳದಿದ್ದರೆ ಅದು ಆಗಿಯೇ ಇಲ್ಲ ಎಂಬಂತೆ ಎರಡು ದಿನ ಕಳೆದೆ.

ಅವರು ಮಾತ್ರ ತಮ್ಮ ಬರಿಗೈಯ ಸಂಗತಿಯನ್ನು ಅವತ್ತೇ ಡಾಕ್ಟರಿಗೆ ಫೋನು ಮಾಡಿ ಹೇಳಿದ್ದರು. ಹತ್ತು ದಿನ ಮನೆಯೊಳಗೆ ಬರುವುದಿಲ್ಲವೆಂದು ದವಾಖಾನೆಯ ಹಿಂದಿನ ಮೇವಿನ ಕೋಣೆಯಲ್ಲಿ ಹಾಸಿಗೆ ಹಾಕಿಕೊಂಡರು. ಬೆಳಿಗ್ಗೆ ಬೀದಿಯ ಆಚೆ ಬದಿಯಲ್ಲಿ ಮುಖಕ್ಕೆ ಟವೆಲ್ ಕಟ್ಟಿಕೊಂಡು ನಿಲ್ಲುತ್ತಿದ್ದರು. ಅವರ ಹೆಂಡತಿ ಕಟ್ಟೆಯ ಮೇಲೆ ರೊಟ್ಟಿಯ ಗಂಟು ಇಟ್ಟು ಒಳಗೆ ಸರಿದ ಮೇಲೆ ಬಂದು ಎತ್ತಿಕೊಳ್ಳುತ್ತಿದ್ದರು. ಆಮೇಲೆ ನಮ್ಮ ಬಾಗಿಲ ಕಡೆ ತಿರುಗಿ:

"ಅಕ್ಕೋರೆ, ಕೂಸು ಆರಾಮ ಐತೇನ್ರೀ? ನಿಮಗ ಜ್ವರ, ಕೆಮ್ಮು?"

"ಜ್ವರದ ಹೆಸರು ತಗೀಬ್ಯಾಡ್ರಿ ಕಾಕಾ, ನಮ್ಮ ಬಾಗಲದಾಗ!"

"ಹೆಸರು ತಗೀಲಿಲ್ಲಂದ್ರ ಅದು ಬರೂದು ಬಿಡತೈತೇನ್ರೀ?" ಅವರ ದನಿ ಅಳುಕುತ್ತಿತ್ತು. ಅವರೂ ಹೆದರಿದ್ದರು. ಆ ಹೆದರಿಕೆ ನೋಡಿದ ಮೇಲೆ ನನ್ನದು ಇಮ್ಮಡಿಯಾಯಿತು.

ಮೂರನೆಯ ದಿನ ಬೆಳಿಗ್ಗೆ ಮಗಳ ಮೈ ಕಾದ ಹಂಚಾಗಿತ್ತು.

ನಾನು ಬೀದಿಗೆ ಬಂದೆ. ಬಾಟಲಿಯ ಸಂಗತಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎರಡೂ ಕೈಗಳನ್ನು ಮುಂದಕ್ಕೆ ಹಿಡಿದು ಅವನ್ನೇ ನೋಡುತ್ತ ನಿಂತರು. ಆಮೇಲೆ, "ನಡೀರಿ, ನಾರಾಯಣಪೇಟಿಗೆ," ಎಂದರು. ಆಟೋದಲ್ಲಿ ನಾನೂ ಮಗಳೂ; ಹಿಂದೆ ಸ್ಕೂಟರಿನಲ್ಲಿ ಅವರು.

ದೊಡ್ಡ ದವಾಖಾನೆಯ ಚೀಟಿ ಕಿಟಕಿಯಲ್ಲಿ ಏನಾಗಿದೆ ಎಂದು ತೆಲುಗಿನಲ್ಲಿ ಕೇಳಿದರು. "ಜ್ವರ, ನೆಗಡಿ," ಎಂದೆ. ನಿಜ ಹೇಳಿದರೆ ಮಗಳನ್ನು ನನ್ನಿಂದ ಕಿತ್ತುಕೊಂಡು ಎಲ್ಲಿಗೋ ಒಯ್ಯುತ್ತಾರೆ, ಮತ್ತೆ ತೋರಿಸುವುದಿಲ್ಲ ಎಂಬ ಹೆದರಿಕೆ. ಟಿ.ವಿ.ಯ ಆ ಗುಂಡಿಗಳು ಕಣ್ಣಿಗೆ ಕಟ್ಟಿದ್ದವು.

ನಾಲ್ಕು ಮಾರು ದೂರದಲ್ಲಿ ಕಂಬದ ಪಕ್ಕ ನಿಂತಿದ್ದ ಅವರು ಅಲ್ಲಿಂದಲೇ ಕೂಗಿದರು: "ಸುಳ್ಳು ಹೇಳಬ್ಯಾಡ್ರಿ ಅಕ್ಕೋರೆ! ನಿಮ್ಮ ಕಾಲಿಗೆ ಬೀಳತೀನಿ." ಆಮೇಲೆ ತೆಲುಗಿನಲ್ಲಿ ಇಡೀ ಸಾಲಿಗೆ ಕೇಳುವಂತೆ ಹೇಳಿದರು: ಸಾಯುತ್ತಿದ್ದ ಕಾಡುಬಾತು, ಅದರ ಕೊಕ್ಕಿಗೆ ತಾಗಿದ ಬಾಟಲಿ, ಅದೇ ನೀರು ಈ ಕೂಸಿನ ಹೊಟ್ಟೆಗೆ ಹೋಗಿದೆ, ನೀರು ಬಿಟ್ಟ ಕೈ ಇದು. ಸಾಲು ಒಡೆಯಿತು. ಯಾರೋ ಮಗುವನ್ನೆತ್ತಿಕೊಂಡು ಗೇಟಿನತ್ತ ಓಡಿದರು. ಒಬ್ಬ ಅವರತ್ತ ಚಪ್ಪಲಿ ಎಸೆದ. ಅವರು ಕಂಬ ಬಿಟ್ಟು ಕದಲಲಿಲ್ಲ.

ಒಳಗಿನಿಂದ ಬಂದ ಡಾಕ್ಟರಮ್ಮ ಮಗಳನ್ನು ಬೇರೆ ಕೋಣೆಯಲ್ಲಿಟ್ಟರು. ಗಂಟಲಿನ ದ್ರವ ಹೈದರಾಬಾದಿಗೆ ಹೋಯಿತು, ಅವತ್ತೇ ಆ ಜ್ವರದ ಔಷಧಿ ಶುರುವಾಯಿತು. "ಮೊದಲೇ ಹೇಳಿದ್ದು ಒಳ್ಳೇದಾಯ್ತು. ಈ ಔಷಧಿ ತಡವಾದರೆ ಅಷ್ಟು ಕೆಲಸ ಮಾಡೋದಿಲ್ಲ," ಎಂದರು. ಹೇಳಿದವಳು ನಾನೇ ಎಂದು ಅವರು ಅಂದುಕೊಂಡಿದ್ದರು. ನಾನು ತಿದ್ದಲಿಲ್ಲ.

ಐದು ದಿನ. ಗಾಜಿನ ಆಚೆ ಮಗಳು, ಈಚೆ ನಾನು. ಅವಳು ಕೆಮ್ಮಿದಾಗಲೆಲ್ಲ ಆ ನೀರು ಹೊಡೆಯುವ ಕಾಲು ಕಾಣುತ್ತಿತ್ತು. ಆರನೆಯ ದಿನ ಜ್ವರ ಇಳಿಯಿತು. ಅವಳ ಗಂಟಲಿನಲ್ಲಿ ಏನೂ ಸಿಗಲಿಲ್ಲ ಎಂದು ವರದಿ ಬಂತು. ಕಂಪೌಂಡರಿಗೂ ಏನೂ ಆಗಲಿಲ್ಲ. ಬಾತಿನ ಶೀಶೆ ಮಾತ್ರ ದಾರಿಯಲ್ಲಿ ಮಂಜುಗಡ್ಡೆ ಕರಗಿ ಕೆಟ್ಟಿತ್ತು. ಪರೀಕ್ಷೆಗೆ ಯೋಗ್ಯವಲ್ಲ ಎಂದು ಬರೆದು ಬಂತು. ಅದು ಯಾವುದರಿಂದ ಸತ್ತಿತು ಎಂದು ಯಾರಿಗೂ ಗೊತ್ತಿಲ್ಲ.

ಆ ಮೇಲೆ ಹೈದರಾಬಾದಿನಿಂದ ಬಲೆ ಹಿಡಿದುಕೊಂಡು ಬಂದವರು ಗಟ್ಟಿಮುಟ್ಟಾದ ಬಾತುಗಳನ್ನೇ ಹಿಡಿದು ರಕ್ತ ತೆಗೆದರು. ಕೆಲವುಗಳಲ್ಲಿ ಈ ಜಾತಿಯ ರೋಗ ಎಂದೋ ತಗುಲಿ ಹೋದ ಗುರುತು ಇತ್ತಂತೆ. ಕಂಪೌಂಡರ್ ನನಗೆ ಬಿಡಿಸಿ ಹೇಳಿದರು: "ಎಲ್ಲಿ ತಗಲಿತೋ, ಯಾವ ಕೆರ್ಯಾಗೋ. ಮೈಯಾಗ ರೋಗ ಇಲ್ಲ, ಆದ್ರ ರಕ್ತದಾಗ ಬರದೈತಿ. ನೋಡಾಕ ಏನೂ ತಿಳಿಯಂಗಿಲ್ರೀ." ಅವತ್ತಿನಿಂದ ಆಕಾಶದಲ್ಲಿ ಅವು ಸಾಲಾಗಿ ಹೋಗುವುದು ಕಂಡರೆ ನಾನು ಮಗಳನ್ನು ಒಳಗೆ ಕರೆಯುತ್ತೇನೆ. ಈಗ ಅವಳು ನನಗಿಂತ ಎತ್ತರ, ಆದರೂ ಕರೆಯುತ್ತೇನೆ.

ವಿಚಾರಣೆಗೆ ಇಲಾಖೆಯ ಸಾಹೇಬರು ಬಂದರು. ಅಂಥ ಜಾಗಕ್ಕೆ ಹೊರಗಿನವರು, ಅದೂ ಮಗು, ಹೇಗೆ ಬಂದರು? ಬಾಟಲಿ ಕೊಟ್ಟವರು ಯಾರು, ಚೀಲಕ್ಕೆ ಹಾಕಿದವರು ಯಾರು? ಕಂಪೌಂಡರ್ ಮೊದಲೇ ಹೇಳಿಕೆ ಬರೆಸಿದ್ದರು: ತಾಯಿ ಮಗಳನ್ನು ಒತ್ತಾಯದಿಂದ ಕರೆದೊಯ್ದದ್ದು ತಾನು, ಬಾಟಲಿಯನ್ನು ಕೇಳದೆ ತೆಗೆದದ್ದು ತಾನು, ವಾಪಸು ಚೀಲಕ್ಕೆ ಹಾಕಿದ್ದೂ ತಾನೇ. ನನ್ನ ಸಹಿಗೆ ಇನ್ನೊಂದು ಕಾಗದ ಸಿದ್ಧವಾಗಿತ್ತು.

"ಕಾಕಾ, ಇದು ಹಿಂಗ ಆಗಿಲ್ಲಲ್ರೀ," ಎಂದೆ, ಸಣ್ಣ ದನಿಯಲ್ಲಿ.

"ನಿಮ್ಮದು ಟೆಂಪರರಿ, ನಂದು ಪರ್ಮನೆಂಟ್. ನನ್ನ ಯಾರು ತಗೀತಾರ? ಸಹಿ ಮಾಡ್ರಿ."

ದವಾಖಾನೆಯ ಕಿಟಕಿಯಲ್ಲಿ ಸುಳ್ಳು ಹೇಳಬೇಡಿ ಎಂದು ಕಾಲಿಗೆ ಬೀಳುತ್ತೇನೆಂದ ಮನುಷ್ಯ ಇವರೇ ಎಂದು ನನಗೆ ಆಗ ಹೊಳೆದಿತ್ತೋ ಇಲ್ಲವೋ. ಹೊಳೆದಿದ್ದರೂ ಸಹಿ ಮಾಡುತ್ತಿದ್ದೆ. 'ನನಗೆ ತಿಳಿಯದಂತೆ' ಎಂಬ ಮಾತಿನ ಕೆಳಗೆ, ಮಕ್ಕಳಿಗೆ ತಿದ್ದಿ ಕಲಿಸುವ ಅಕ್ಷರದಲ್ಲಿ ಮಾಡಿದೆ.

ಅವರನ್ನು ಗದ್ವಾಲಿಗೆ ವರ್ಗ ಮಾಡಿ ಹಾಕಿದರು. ಅಲ್ಲೊಂದು ಬಾಡಿಗೆ ಕೋಣೆ ಹಿಡಿದು, ಭಾನುವಾರ ಮಾತ್ರ ಮಕ್ತಲ್‌ಗೆ ಬರುತ್ತಿದ್ದರು. ವರ್ಷವೊಂದು ಕಳೆದರೆ ವಾಪಸು ಬರಬಹುದು ಎಂದುಕೊಂಡಿದ್ದರು. ಅಷ್ಟರಲ್ಲಿ ಗದ್ವಾಲೇ ಬೇರೆ ಜಿಲ್ಲೆಯಾಯಿತು. ಆ ಜಿಲ್ಲೆಯಲ್ಲಿದ್ದ ನೌಕರರು ಇನ್ನು ಅಲ್ಲೇ ಎಂದರು. ನಿವೃತ್ತಿಗೆ ಕೆಲವು ತಿಂಗಳು ಇದ್ದಾಗ, ಒಂದು ಬೆಳಿಗ್ಗೆ ಡ್ಯೂಟಿಗೆ ಬರಲಿಲ್ಲವೆಂದು ಹೋಗಿ ನೋಡಿದರೆ ಕೋಣೆಯಲ್ಲಿ ಒಬ್ಬರೇ ಹೋಗಿಬಿಟ್ಟಿದ್ದರು. ಎದೆನೋವು ಎಂದರು.

ಮಣ್ಣಾದ ಮೂರನೆಯ ದಿನ ಎದುರು ಮನೆಗೆ ಹೋದೆ. ಅವರ ಹೆಂಡತಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಾನು ಕೂತುಕೊಳ್ಳದೆಯೇ ಹೇಳಿದೆ: "ಚಿಗವ್ವ, ಬಾಟ್ಲಿ ನಾನ ಕೊಟ್ಟಿದ್ದೆ. ಚೀಲಕ್ಕ ಹಾಕಿದ್ದೂ ನಾನ. ಕಾಕಾ ಏನೂ ಮಾಡಿದ್ದಿಲ್ಲ."

ಅವರು ಚಾಪೆಯ ತುದಿಯನ್ನು ನನ್ನ ಕಡೆ ಸರಿಸಿದರು.

"ನನಗ ಸಹಿ ಮಾಡಿದ ದಿನಾನ ಹೇಳಿದ್ರು," ಎಂದರು. "ನೀವು ಯಾವತ್ತ ಹೇಳತೀರಿ ಅಂತ ನೋಡಕೋತ ಇದ್ದೆ. ಅವರು ಇದ್ದಾಗ ಎಷ್ಟ ಐತವಾರ ಬಂದು ಹ್ವಾದವು."