ಊರೆಲ್ಲ ಕಿಂಡಿ ಮುಚ್ಚುವಾಗ

ಬೆಳಗಿನ ಆರೂವರೆ. ಸರೋವರದ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಹಿಲ್ಯಾ ಮತ್ತು ಸೈಮಿ ಎಂಬ ಅಕ್ಕತಂಗಿಯರ ಮನೆಯ ಮಾಡಿನ ಮೇಲೆ ಹೊಗೆಗೂಡು ಗುಡಿಸುವ ತೆಲ್ಲೆರ್ವೊ ಹಿರ್ವೋನೆನ್ ಕಾಲು ಅಗಲಿಸಿ ನಿಂತಿದ್ದಾರೆ. ಕಬ್ಬಿಣದ ಗುಂಡು ಕಟ್ಟಿದ ಕುಂಚ ಹೊಗೆಗೂಡಿನೊಳಗೆ ಇಳಿಯುತ್ತದೆ, ಏರುತ್ತದೆ. ಕೆಳಗೆ ಅಂಗಳದಲ್ಲಿ ಹಿಲ್ಯಾ ಸೊಂಟದ ಮೇಲೆ ಕೈಯಿಟ್ಟು ಕಾವಲು ಕಾಯುತ್ತಿದ್ದಾರೆ.

“ನಿಧಾನ ಕಣೇ! ಹೋದ ವರ್ಷ ನನ್ನ ಬಿಳಿ ಪರದೆಗೆಲ್ಲ ಮಸಿ ಬಳಿದು ಹೋಗಿದ್ದೆ.”

“ಬಿಳಿ ಪರದೆ ಹಾಕ್ಕೊಂಡು ಮಸಿಯೋಳನ್ನ ಕರೆದ್ರೆ ಇನ್ನೇನಾಗುತ್ತೆ ಹಿಲ್ಯಕ್ಕ?”

ನಮ್ಮ ಊರು ಕೈಸ್ಲಲಾಹ್ತಿಯಲ್ಲಿ ಸೆಪ್ಟೆಂಬರ್ ಎಂದರೆ ಮನೆಗೆ ಬಟ್ಟೆ ತೊಡಿಸುವ ತಿಂಗಳು. ದೋಣಿಗಳು ಮಗುಚಿ ಮಲಗುತ್ತವೆ, ಆಲೂಗಡ್ಡೆ ನೆಲಮಾಳಿಗೆಗೆ ಇಳಿಯುತ್ತದೆ, ಕಿಟಕಿಗೆ ಎರಡನೆಯ ಗಾಜು ಬಂದು ಎರಡರ ನಡುವೆ ಚಳಿ ತಡೆಯಲು ಒಣಪಾಚಿ ತುಂಬಿಕೊಳ್ಳುತ್ತದೆ. ಸಂದುಗೊಂದುಗಳಿಗೆ ಕಾಗದದ ಪಟ್ಟಿ ಅಂಟಿಸುವುದರಲ್ಲಿ ನಮ್ಮವರು ತೋರುವ ಶ್ರದ್ಧೆಯನ್ನು ಚರ್ಚಿನಲ್ಲಿ ತೋರಿದ್ದರೆ ಪಾದ್ರಿಗಳು ಇಷ್ಟು ಬಡಕಲಾಗಿರುತ್ತಿರಲಿಲ್ಲ. ಊರೆಲ್ಲ ಹೀಗೆ ಕಿಂಡಿ ಮುಚ್ಚುವಾಗ ತೆಲ್ಲೆರ್ವೊ ಒಬ್ಬರೇ ಕಿಂಡಿ ತೆರೆಯುತ್ತ ಹೋಗುತ್ತಾರೆ.

ವಯಸ್ಸು ಐವತ್ತೇಳು. ಅಪ್ಪನ ಮಂಡಿ ಕೈಕೊಟ್ಟಾಗ ಅವನ ಕುಂಚಗಳನ್ನು ಹೆಗಲಿಗೇರಿಸಿಕೊಂಡು ಮೂವತ್ತೊಂದು ವರ್ಷ. ದಿನಕ್ಕೆ ಆರು ಮನೆ, ಹಂಗಾಮಿಗೆ ಮುನ್ನೂರಕ್ಕೂ ಮಿಕ್ಕಿ. ಎಡಭುಜ ಕಿವಿಯ ಮಟ್ಟ ದಾಟಿ ಏಳುವುದಿಲ್ಲ; ಕೆಮ್ಮು ಅವರಿಗಿಂತ ಮೊದಲು ಅಂಗಳ ತಲುಪುತ್ತದೆ. ಅಂಗಡಿಯಲ್ಲಿ ಸಿಕ್ಕವರು ಅದೃಷ್ಟಕ್ಕೆಂದು ಅವರ ಅಂಗಿಯ ಗುಂಡಿ ಮುಟ್ಟುತ್ತಾರೆ. “ಗುಂಡಿ ಮುಟ್ತಾರೆ, ಮಾತು ಮುಟ್ಟಲ್ಲ,” ಎನ್ನುತ್ತಾರೆ ತೆಲ್ಲೆರ್ವೊ.

ಹೇಳುವ ಮಾತು ಒಂದೇ. ಇಟ್ಟಿಗೆಯ ಒಲೆ ಉರಿದಾದ ಮೇಲೆ ಶಾಖ ಮೇಲೆ ಹೋಗದಂತೆ ಹೊಗೆಗೂಡಿನ ಕತ್ತಿಗೆ ಒಂದು ತಗಡನ್ನು ಅಡ್ಡ ತಳ್ಳುತ್ತೇವೆ. ಕೆಂಡದ ಮೇಲೆ ನೀಲಿ ನಾಲಗೆ ಆಡುತ್ತಿರುವಾಗಲೇ ತಳ್ಳಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿ ಕೋಣೆಗೆ ಬರುತ್ತದೆ. ಅದಕ್ಕೇ ತಗಡಿನಲ್ಲೊಂದು ತೂತು ಇರಲೇಬೇಕು. ಶಾಖ ಸೋರುತ್ತದೆಂದು ಅದಕ್ಕೆ ಜೇಡಿಮಣ್ಣು ಮೆತ್ತುವುದು ನಮ್ಮವರ ಗುಟ್ಟಿನ ಜಾಣತನ. ಈ ಹಂಗಾಮಿನಲ್ಲಿ ತೆಲ್ಲೆರ್ವೊ ಹದಿನೆಂಟು ಮನೆಗಳಲ್ಲಿ ಮಣ್ಣು ಕಿತ್ತಿದ್ದಾರೆ.

ಏಳು ವರ್ಷದ ಹಿಂದೆ ಹಿಮದ ಮೇಲೆ ಜಾರುವ ಮರದ ಹಾವುಗೆ ಮಾಡುವ ಬಡಗಿ ಅರ್ಮಸ್‌ನ ಮನೆಯಲ್ಲೂ ಕಿತ್ತಿದ್ದರು. ಕಿತ್ತು ಜೇಬಿಗೆ ಹಾಕಿಕೊಂಡು ಸುಮ್ಮನಾಗಿದ್ದರು. ಯಾಕೆ? “ಮೇಜಿನ ಮೇಲೆ ಕಾಫಿ ಬಂದಿತ್ತು. ಏಲಕ್ಕಿ ಬನ್ನು ಬಿಸಿಬಿಸಿ ಇತ್ತು. ತಿಂತಾ ತಿಂತಾ ಮನೆ ಯಜಮಾನನಿಗೆ ‘ನೀನು ದಡ್ಡ’ ಅನ್ನೋದು ಹೇಗೆ?” ಎನ್ನುತ್ತಾರೆ. ಆ ಡಿಸೆಂಬರಿನಲ್ಲಿ ಊರಿನ ಅಗ್ನಿದಳದ ಜೊತೆ ಹೋಗಿ ಅವನ ಬಾಗಿಲು ಬಡಿದರು. ಯಾರೂ ಬರಲಿಲ್ಲ. ಬಾಗಿಲು ಮುರಿದರು. ಅರ್ಮಸ್ ಬೆಂಚಿನ ಮೇಲಿದ್ದ, ನಾಯಿ ಅವನ ಕಾಲ ಬಳಿ. ಇಬ್ಬರೂ ನಿದ್ದೆಯಲ್ಲಿದ್ದಂತೆಯೇ ಇದ್ದರು. ತಗಡಿನ ತೂತಿನಲ್ಲಿ ಹೊಸ ಜೇಡಿಮಣ್ಣು, ಅದರ ಮೇಲೆ ಅವನ ಹೆಬ್ಬೆರಳ ಗುರುತು.

ಅಂದಿನಿಂದ ಮಾತು ಮುಗಿಯುವ ತನಕ ತೆಲ್ಲೆರ್ವೊ ಯಾರ ಮನೆಯಲ್ಲೂ ಕಾಫಿ ಮುಟ್ಟುವುದಿಲ್ಲ. ನಮ್ಮೂರಲ್ಲಿ ಕಾಫಿ ಬೇಡವೆನ್ನುವುದು ಮನೆಯವರ ಮುಖಕ್ಕೆ ಉಗಿಯುವುದಕ್ಕಿಂತ ಒಂದೇ ಮೆಟ್ಟಿಲು ಕೆಳಗೆ.

ಈಗ ಅವರು ಮಾಡಿನಿಂದಿಳಿದು ಒಳಗೆ ಬಂದಿದ್ದಾರೆ. ಸೈಮಿ ಶಾಲು ಹೊದ್ದು ಒಲೆಗೆ ಬೆನ್ನು ಕೊಟ್ಟು ಕೂತಿದ್ದಾರೆ. ಮೇಜಿನ ಮೇಲೆ ಮೂರು ಬಟ್ಟಲು. ತೆಲ್ಲೆರ್ವೊ ತಗಡನ್ನು ಎಳೆದು ಬೆಳಕಿಗೆ ಹಿಡಿಯುತ್ತಾರೆ. ತೂತಿನಲ್ಲಿ ಮಣ್ಣು. ಹತ್ತೊಂಬತ್ತನೆಯದು.

“ಇದು ಅವಳದೇ ಕೆಲಸ,” ಎನ್ನುತ್ತಾರೆ ಹಿಲ್ಯಾ ಥಟ್ಟನೆ, ತಂಗಿಯ ಕಡೆ ಗದ್ದ ತೋರಿಸಿ. “ಬೇಸಿಗೇಲೂ ಚಳಿ ಚಳಿ ಅಂತಾಳೆ.”

ಸೈಮಿ ಶಾಲಿನಿಂದ ಕೈ ಹೊರತೆಗೆದು ಮೇಜಿನ ಮೇಲಿಡುತ್ತಾರೆ. ಸಂಧಿವಾತಕ್ಕೆ ಬೆರಳುಗಳು ಬೇರಿನಂತೆ ತಿರುಚಿಕೊಂಡಿವೆ. ಮಣ್ಣಿನ ಮೇಲೆ ಅಗಲವಾದ, ನೆಟ್ಟಗಿನ ಹೆಬ್ಬೆರಳ ಗುರುತಿದೆ. ತೆಲ್ಲೆರ್ವೊ ತಗಡನ್ನು ಹಿಲ್ಯಾರ ಕಡೆ ತಿರುಗಿಸುತ್ತಾರೆ.

“ಹೌದು, ನಾನೇ,” ಎನ್ನುತ್ತಾರೆ ಹಿಲ್ಯಾ ಕೊನೆಗೆ. “ಬೆಳಗ್ಗೆ ಎದ್ದಾಗ ಅವಳಿಗೆ ಚಮಚ ಹಿಡಿಯೋಕಾಗಲ್ಲ. ಮನೆ ಸ್ವಲ್ಪ ಬೆಚ್ಚಗಿದ್ರೆ ಬೆರಳು ಬಿಡುತ್ತೆ. ನಾನೇನು ಮಾಡ್ಲಿ, ಹೇಳು?”

“ಅರ್ಮಸ್‌ಗೂ ಬೆಚ್ಚಗೇ ಇತ್ತು ಹಿಲ್ಯಕ್ಕ. ಬಾಗಿಲು ಮುರಿದಾಗ ಕೋಣೆ ಬೆಚ್ಚಗಿತ್ತು.”

“ಕಾಫಿ ಕುಡಿ ಮೊದ್ಲು. ಆಮೇಲೆ ಬೈ.”

“ಬೇಡ.”

ಹಿಲ್ಯಾರ ಮುಖ ಕೆಂಪಾಗುತ್ತದೆ. ತೆಲ್ಲೆರ್ವೊ ಕತ್ತರಿ ತೆಗೆಯುತ್ತಾರೆ. ಮಣ್ಣು ಕಿತ್ತು ಬಿಟ್ಟರೆ ನಾಳೆ ಇನ್ನೊಂದು ಮುದ್ದೆ ಬರುತ್ತದೆಂದು ಗೊತ್ತು. ತಗಡಿನ ಒಂದು ಮೂಲೆಯನ್ನೇ ಕರಕರ ಕತ್ತರಿಸಿ ಹಾಕುತ್ತಾರೆ. ಇನ್ನು ಮಣ್ಣು ಅಂಟಿಕೊಳ್ಳಲು ಅಂಚೇ ಇಲ್ಲ.

“ಹಾಳಾದೋಳೇ! ನನ್ನ ಸೌದೆ ಶಾಖವೆಲ್ಲ ಆಕಾಶಕ್ಕೆ!”

“ಸ್ವಲ್ಪ ಹೋಗುತ್ತೆ. ನೀಲಿ ಪೂರ್ತಿ ಹೋಗೋ ತನಕ ಕಾದು ತಗಡು ತಳ್ಳಿ. ಚಳಿಯಾಗುತ್ತೆ, ಸುಳ್ಳು ಹೇಳಲ್ಲ. ಸೈಮಿಯ ಕೈ ನೋಯುತ್ತೆ.” ತಿರುಗಿ, “ಅಲ್ವಾ ಸೈಮಿ?”

“ನೋಯಲಿ ಬಿಡು,” ಎನ್ನುತ್ತಾರೆ ಸೈಮಿ. “ಚಮಚ ಇವಳೇ ಹಿಡೀತಾಳೆ. ಬೈಕೊಂಡು.”

ಮಾತು ಮುಗಿದಿದೆ. ತೆಲ್ಲೆರ್ವೊ ಬಟ್ಟಲಿಗೆ ಕೈ ಚಾಚುತ್ತಾರೆ. ಹಿಲ್ಯಾ ಅದನ್ನು ಸೆಳೆದು, ಕಾಫಿಯನ್ನು ಮುಸುರೆ ಬಕೆಟ್ಟಿಗೆ ಸುರಿದು, “ಇನ್ನು ಈ ಮನೆಗೆ ಕಾಲಿಡಬೇಡ,” ಎನ್ನುತ್ತಾರೆ.

ಮುಂದಿನ ಮನೆಯ ದಾರಿಯಲ್ಲಿ, ನಿಮಗೇನು ಆಸೆ ಎಂದು ಜೊತೆಗಿದ್ದ ನಾನು ಕೇಳಿದ್ದಕ್ಕೆ ತೆಲ್ಲೆರ್ವೊ ಏಣಿ ಹೊತ್ತುಕೊಂಡೇ ತುಂಬ ಹೊತ್ತು ಕೆಮ್ಮುತ್ತಾರೆ.

“ಮುಂದಿನ ಸೆಪ್ಟೆಂಬರ್‌ನಲ್ಲಿ ಹೋಗ್ತೀನಲ್ಲ, ಬೇಡ ಅಂದ್ರೂ ಹೋಗೋಳೇ ನಾನು. ಬಾಗಿಲು ಬಡೀತೀನಿ. ಇಬ್ರೂ ಎದ್ದು ಬಂದು ಬೈಬೇಕು. ಇಬ್ರೂ.”