ಮನೆರುಚಿ ಸೂಪು

ಸೂಪಕ್ಕನಿಗೆ ಆ ಹೆಸರು ಬಂದದ್ದು ಕಾರ್ಖಾನೆಯಿಂದ. ಸೂಪಿನ ಪುಡಿ ಕಲಸುವ ಯಂತ್ರದ ಬಾಯಿಗೆ ಮೂಟೆ ಸುರಿಯುವುದು ಅವಳ ಕೆಲಸ. ಕಾರ್ನ್‌ಫ್ಲೋರ್ ಮೂಟೆಗಳನ್ನು ಸುರಿದೂ ಸುರಿದೂ ತೋಳು ಸೋತ ಮೇಲೆ ಟೊಮೆಟೊ ಪುಡಿಯ ಸರದಿ ಬರುತ್ತಿತ್ತು. ಅದಕ್ಕೆ ಮೂಟೆ ಇರಲಿಲ್ಲ, ಡಬ್ಬಿ ಇತ್ತು. ಕಡಿಮೆಬಿದ್ದ ಕೆಂಪನ್ನು ಬಣ್ಣದ ಬಾಟಲಿ ತುಂಬಿಕೊಡುತ್ತಿತ್ತು. ಪ್ಯಾಕೆಟ್ಟಿನ ಮೇಲೆ ಮಾತ್ರ ತೊಟ್ಟು ಸಮೇತ ಒಂದು ರಾಶಿ ಟೊಮೆಟೊ, ಪಕ್ಕದಲ್ಲಿ ಕ್ಯಾರೆಟ್ಟು, ಕೆಳಗೆ ‘ಮನೆಯ ಕೈರುಚಿ’ ಎಂಬ ದಪ್ಪಕ್ಷರ. ಕ್ಯಾರೆಟ್ಟನ್ನು ಕಾರ್ಖಾನೆಯಲ್ಲಿ ಯಾರೂ ಕಂಡಿರಲಿಲ್ಲ.

ಅವಳ ಗಂಡ ವಾಚು ರಿಪೇರಿಯವನು. ಸಂಜೆ ಅವಳಿಗಿಂತ ಮೊದಲೇ ಮನೆಗೆ ಬಂದು, ಕಾಲು ಚಾಚಿ ಅವಳ ದಾರಿ ಕಾಯುತ್ತಿದ್ದ. ಪ್ರೀತಿಯಿಂದಲೇ, ಜೊತೆಗೆ ಹಸಿವೂ ಇರುತ್ತಿತ್ತು.

“ಪ್ಯಾಕೆಟ್ ತಿನ್ನೋರ ಮನೇಲಿ ಹೆಂಗಸರೇ ಇಲ್ಲ ಅಂತ ಅರ್ಥ” ಎನ್ನುವುದು ಅವನ ಸಿದ್ಧಾಂತ. ಅವನ ಮನೆಯಲ್ಲಿ ಹೆಂಡತಿ ಇದ್ದಳು, ತಾಯಿ ಇದ್ದಳು. ಹಾಗಾಗಿ ಸೂಪಕ್ಕ ದಿನವೂ ಸೂಪಿಗೆ ಟೊಮೆಟೊ ಬೇಯಿಸಿ, ಸಿಪ್ಪೆ ಸುಲಿದು, ಅರೆದು, ಸೋಸಿ, ಸೋಸಿದ ಜರಡಿಯನ್ನು ಉಜ್ಜಿ ತೊಳೆಯುವಷ್ಟರಲ್ಲಿ ಸಂಜೆ ಮುಗಿದಿರುತ್ತಿತ್ತು.

ಒಂದು ದಿನ ಯಂತ್ರದ ಅಂಚು ತಾಗಿ ಬೆರಳು ಕೊಯ್ದುಹೋಯಿತು. ಚಾಕು ಹಿಡಿಯುವಂತಿರಲಿಲ್ಲ. ಅಂಟು ಸರಿಯಾಗಿ ಕೂರದ ಪ್ಯಾಕೆಟ್ಟುಗಳನ್ನು ಕೆಲಸದವರು ಮನೆಗೆ ಒಯ್ಯುವುದಿತ್ತು. ಅವಳೂ ಒಂದನ್ನು ತಂದು ಬಿಸಿನೀರಿಗೆ ಸುರಿದಳು. ಗಂಡ ಬಟ್ಟಲನ್ನು ಮತ್ತೊಮ್ಮೆ ಚಾಚಿದ.

“ಇವತ್ತು ಕೈರುಚಿ ಕೂಡಿದೆ ನೋಡು! ಏನೇ ಹಾಕಿದೆ?”

“ದಿನಾ ಹಾಕೋದೇ ರೀ.”

ಅದು ಸುಳ್ಳಾಗಿರಲಿಲ್ಲ. ಬೆಳಗಿನಿಂದ ಯಂತ್ರಕ್ಕೆ ಅವಳು ಹಾಕಿದ್ದು ಅದನ್ನೇ.

ಗಾಯ ಮಾಯಿತು. ಚಾಕು ಮಾತ್ರ ಮೂಲೆ ಬಿಟ್ಟು ಏಳಲಿಲ್ಲ. ಈಗ ಅವಳಿಗೆ ಸಂಜೆಯ ಒಂದು ತುಂಡು ಉಳಿಯುತ್ತಿತ್ತು. ಅದನ್ನು ಹಿಡಿದುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಹೊಲಿಗೆಯಿಲ್ಲ, ಹರಟೆಯಿಲ್ಲ, ಚಿಂತೆ ಸಹ ಇಲ್ಲ. ಬರೀ ಕೂರುವುದು. ಕಸದ ಬುಟ್ಟಿಯಲ್ಲಿ ಹರಿದ ಪ್ಯಾಕೆಟ್ಟು ಕಂಡ ಅತ್ತೆ, ಅದರ ಮೇಲೊಂದು ಹಳೆಯ ಪೇಪರು ಮುಚ್ಚಿದಳು.

ಹೀಗಿರುವಾಗ ಗಂಡ ಒಮ್ಮೆ ಕ್ಷೌರಿಕನ ಮನೆಯಲ್ಲಿ ಸೂಪು ಕುಡಿದು, ಕೆಂಡಾಮಂಡಲವಾಗಿ ಬಂದ.

“ನಿನ್ನ ಕೈರುಚಿ ಕದ್ದಿದಾನೆ ಕಣೇ, ನಿಮ್ಮ ಮಾಲೀಕ! ಪ್ಯಾಕೆಟ್ಟಿಗೆ ತುಂಬಿ ಮಾರ್ತಿದಾನೆ!”

ನಿಜ ಹೇಳಿದರೆ ಸಂಜೆ ಕೂರುವ ಮೆಟ್ಟಿಲು ಹೋಗುತ್ತಿತ್ತು.

“ಹೋಗ್ಲಿ ಬಿಡಿ. ಸೂಪು ತಾನೆ.”

“ಬಿಡೋದಾ? ನಾನೇನು ಬಳೆ ತೊಟ್ಟಿದೀನಾ?”

ಬಳೆ ತೊಟ್ಟವಳು ಬಟ್ಟಲು ತೊಳೆಯುತ್ತಿದ್ದಳು.

ಮಾರನೆಯ ಬೆಳಿಗ್ಗೆ ಅವನು ಕಾರ್ಖಾನೆಗೇ ಹೋದ. ಮಾಲೀಕ ಮೈಯೆಲ್ಲ ಕಿವಿಯಾಗಿ ಕೇಳಿದ. ಪ್ಯಾಕೆಟ್ಟಿನ ಮೇಲೆ ‘ಮನೆ’ ಎಂದಿತ್ತು; ಯಾವ ಮನೆ ಎಂದರೆ ತೋರಿಸಲು ಒಂದೂ ಇರಲಿಲ್ಲ. ಈಗ ಮನೆಯೇ ನಡೆದುಕೊಂಡು ಬಂದಿತ್ತು. ಕದ್ದದ್ದನ್ನು ಅವನು ಸಂತೋಷದಿಂದ ಒಪ್ಪಿಕೊಂಡ. ಪ್ಯಾಕೆಟ್ಟಿನ ಮೇಲೆ ಸೂಪಕ್ಕನ ಚಿತ್ರ ಹಾಕುವುದು, ಅದಕ್ಕೆ ಮೊದಲು ಅಂಗಡಿಯವರ ಎದುರು ಅವಳಿಂದಲೇ ಸೂಪು ಮಾಡಿಸುವುದು ಎಂದು ತೀರ್ಮಾನವಾಯಿತು. ಅವಳನ್ನು ಕೇಳುವುದು ಇಬ್ಬರಿಗೂ ಮರೆತಿತ್ತು.

ಕಾರ್ಖಾನೆಯ ಅಂಗಳದಲ್ಲಿ ಒಲೆ ಹೂಡಿದರು. ನಿಜವಾದ ಟೊಮೆಟೊ ಬಂತು. ಕ್ಯಾರೆಟ್ಟು ನೋಡಲು ಕೆಲಸದವರೆಲ್ಲ ಬಂದರು. ಅಷ್ಟು ಕಣ್ಣುಗಳ ಮುಂದೆ ಬೇರೆ ದಾರಿಯಿಲ್ಲದೆ, ಸೂಪಕ್ಕ ಹಿಂದಿನಂತೆಯೇ ಬೇಯಿಸಿ, ಅರೆದು, ಸೋಸಿ ಕೊಟ್ಟಳು.

“ನೀರು ನೀರಾಗಿದೆ” ಎಂದ ಒಬ್ಬ ಅಂಗಡಿಯವನು.

“ಹುಳಿ” ಎಂದ ಇನ್ನೊಬ್ಬ.

ಗಂಡ ಬಟ್ಟಲು ಕೆಳಗಿಟ್ಟ. “ಇದು ಇವಳ ಸೂಪಲ್ಲ. ಇದರಲ್ಲಿ ಏನೋ ಕಲಬೆರಕೆಯಾಗಿದೆ.”

“ಮನೇಲಿ ಮಾಡೋ ಹಾಗೆ ಮಾಡಮ್ಮಾ” ಎಂದು ಮಾಲೀಕ ಹಲ್ಲು ಕಚ್ಚಿ ನಕ್ಕ.

ಒಲೆ ಸರಿಯಿಲ್ಲ ಎಂದಿದ್ದರೆ ಪಾರಾಗಬಹುದಿತ್ತು. ಆದರೆ ಆಮೇಲೆ ಅಂಗಡಿ ಅಂಗಡಿಯ ಮುಂದೆ ಹೀಗೆಯೇ ಸಿಪ್ಪೆ ಸುಲಿಯುತ್ತ ನಿಲ್ಲಬೇಕಾಗುತ್ತಿತ್ತು. ಹೇಗಿದ್ದರೂ ಮೆಟ್ಟಿಲು ಹೋದಂತೆಯೇ. ಸೂಪಕ್ಕ ಮೇಜಿನ ಮೇಲಿದ್ದ ಪ್ಯಾಕೆಟ್ಟೊಂದನ್ನು ಹಲ್ಲಿನಿಂದ ಹರಿದು, ಬಿಸಿನೀರಿಗೆ ಸುರಿದು ಕಲಕಿ, ಮೊದಲ ಬಟ್ಟಲನ್ನು ಗಂಡನಿಗೇ ಕೊಟ್ಟಳು.

“ಇದು! ಇದೇ ನಮ್ಮನೇದು!” ಎಂದವನು, ಆಮೇಲೆ ಅವಳ ಕೈಯಲ್ಲಿದ್ದದ್ದನ್ನು ನೋಡಿದ.

ಮಾಲೀಕನಿಗೆ ಸಿಟ್ಟೇನೂ ಬರಲಿಲ್ಲ. ಅಂಗಡಿಯವರೆಲ್ಲ ಪ್ಯಾಕೆಟ್ಟಿನದನ್ನೇ ಮೆಚ್ಚಿದ್ದರು. ಚಿತ್ರದ ಯೋಚನೆ ಬಿಟ್ಟು, ‘ಮನೆಗಿಂತ ರುಚಿ’ ಎಂದು ಅಚ್ಚು ಹಾಕಿಸಲು ಹೇಳಿಕಳಿಸಿದ.

ಸಂಜೆ ಸೂಪಕ್ಕ ಒಲೆ ಹಚ್ಚದೆ ನೇರ ಮೆಟ್ಟಿಲಿಗೆ ಹೋಗಿ ಕೂತಳು. ಒಳಗೆ ಗಂಡ ವಾಚಿನ ಭೂತಗನ್ನಡಿ ಕಣ್ಣಿಗೇರಿಸಿ ಪ್ಯಾಕೆಟ್ಟಿನ ಬೆನ್ನು ಓದುತ್ತಿದ್ದ.

“ಕಾರ್ನ್‌ಫ್ಲೋರ್, ಉಪ್ಪು, ಸಕ್ಕರೆ... ಅಮ್ಮಾ, ಟೊಮೆಟೊ ಎಲ್ಲಿ?”

“ಮುಂದ್ಗಡೆ ಇದೆಯಲ್ಲಪ್ಪ, ಚಿತ್ರ.”

“ನಿಂಗೆ ಗೊತ್ತಿತ್ತಾ?”

“ಅದಕ್ಕೇ ನಾನು ಸೂಪು ಬಿಟ್ಟು ಬ್ರೆಡ್ ತಿಂತಿದ್ದೆ.”

ಅವನು ಬಾಗಿಲಿಗೆ ಬಂದು ನಿಂತ. “ಇನ್ಮೇಲೆ ಈ ಮನೇಲಿ ಈ ಪ್ಯಾಕೆಟ್ ಬೇಡ.”

“ಬೇಡ” ಎಂದಳು ಸೂಪಕ್ಕ.

ಅವಳು ಏಳುತ್ತಾಳೆಂದು ಅವನು ನಿಂತ. ಅವಳು ಏಳಲಿಲ್ಲ. ನಿಂತೇ ಇದ್ದ.

“ಟೊಮೆಟೊ ಬುಟ್ಟೀಲಿದೆ. ಚಾಕು ಮೊಂಡಾಗಿದೆ, ಬೆರಳು ಹುಷಾರು ರೀ.”

ತುಸು ಹೊತ್ತಿಗೆ ಒಳಗಿನಿಂದ ಅತ್ತೆಯ ದನಿ ಕೇಳಿಸಿತು: “ಮೊದ್ಲು ತೊಳೀಬೇಕಪ್ಪ.”