‘ಮುಟ್ಟಬೇಡಿ’ ಎಂದು ಅಂಟಿಸಿದವನು

ಮನೆಮನೆಗೆ ಇಂಟರ್‌ನೆಟ್ ಡಬ್ಬಿ ಕೂರಿಸುವುದು ಅವನ ಕಸುಬು. ಬೀದಿಯವರು ಅವನನ್ನು ‘ಮುಟ್ಬೇಡಿ’ ಎಂದೇ ಕರೆಯುತ್ತಿದ್ದರು. ತಾನು ಕೂರಿಸಿದ ಪ್ರತಿ ರೌಟರಿನ ನೆತ್ತಿಗೂ ಕೆಂಪು ಅಕ್ಷರದಲ್ಲಿ ‘ಮುಟ್ಟಬೇಡಿ’ ಎಂದು ಬರೆದ ಚೀಟಿ ಅಂಟಿಸುವುದು ಅವನ ಪದ್ಧತಿ. ಮೊದಲೆಲ್ಲ ಜನ ಒರೆಸಲು ಹೋಗಿ ಏನೋ ಒತ್ತಿ ಕೆಡಿಸಿ, ಅವನನ್ನು ಊಟದ ನಡುವೆ ಎಬ್ಬಿಸುತ್ತಿದ್ದರು. ಚೀಟಿ ಬಂದ ಮೇಲೆ ಆ ಕಾಟ ತಪ್ಪಿತು. ನಡೆಯುತ್ತಿರುವುದನ್ನು ಕೆದಕಬಾರದು ಎಂಬುದು ಬದುಕಿನಲ್ಲಿ ಅವನು ಕಂಡುಕೊಂಡ ಒಂದೇ ತತ್ತ್ವ. ಅದನ್ನು ಮದುವೆಗೂ ಅನ್ವಯಿಸಿ ಒಂಟಿಯಾಗಿ ಉಳಿದಿದ್ದ.

ಒಂದು ದಿನ ಡಬ್ಬಿ ತಯಾರಿಸಿದ ಕಂಪನಿಯಿಂದ ಎಚ್ಚರಿಕೆ ಬಂತು. ಒಳಬರುವವರ ಹೆಸರು ಕೇಳುವ ಡಬ್ಬಿ, ಹೆಸರಿಡಲು ಒಳಗೆ ಇಷ್ಟೇ ಜಾಗವೆಂದು ಇಟ್ಟುಕೊಂಡಿದೆ; ಬಂದದ್ದನ್ನು ಮಾತ್ರ ಅಳೆಯುವುದಿಲ್ಲ. ಪಾವಿನ ಪಾತ್ರೆಗೆ ಸೇರು ಸುರಿದರೆ ಉಕ್ಕಿದ್ದು ಪಕ್ಕಕ್ಕೆ ಬೀಳುತ್ತದೆ. ಆ ಪಕ್ಕದಲ್ಲಿರುವುದು ಡಬ್ಬಿ ಮುಂದೇನು ಮಾಡಬೇಕೆಂಬ ಆಜ್ಞೆ. ಎಲ್ಲೋ ಕುಳಿತ ಕಳ್ಳ ಮಾರುದ್ದದ ಹೆಸರು ಕಳಿಸಿ, ಅದರ ಬಾಲದಲ್ಲಿ ತನ್ನ ಆಜ್ಞೆ ಕಟ್ಟಿದರೆ ಡಬ್ಬಿ ಅವನ ಆಳಾಗುತ್ತದೆ; ಮನೆಯ ಕಂಪ್ಯೂಟರಿಗೂ ಅವನಿಗೆ ಬಾಗಿಲು ತೆರೆಯುತ್ತದೆ. ಪ್ರತಿ ಮನೆಗೂ ಹೋಗಿ ಹೊಸ ಸಾಫ್ಟ್‌ವೇರ್ ಹಾಕಿಬನ್ನಿ ಎಂದು ಹೇಳಿ ಕಂಪನಿ ಕೈತೊಳೆದುಕೊಂಡಿತು.

ಅವನು ಹೊರಟ. ತಾನೇ ಕೂರಿಸಿದ್ದರಲ್ಲಿ ತೂತಿದೆ ಎನ್ನಲು ನಾಲಿಗೆ ಏಳಲಿಲ್ಲ. “ಸಣ್ಣದೊಂದು ಕೆಲಸ ಇತ್ತು” ಎಂದಷ್ಟೇ ಹೇಳಿದ.

“ನೀವೇ ಮುಟ್ಬೇಡಿ ಅಂದ್ರಲ್ಲಾ!” ಎಂದು ಔಷಧಿ ಅಂಗಡಿಯವನು ನಕ್ಕ. “ಏನು, ಹೊಸ ಡಬ್ಬಿ ತಗಲಾಕೋ ಪ್ಲಾನಾ?”

ಬೇರೆಯವರದು ಹಾಳಾಗಲಿ, ಅವನಿಗೆ ಚಿಂತೆಯಿದ್ದದ್ದು ಅಕ್ಕನದು. ಗಂಡ ಸತ್ತ ಮೇಲೆ ಅವಳು ವಕೀಲರ ಕಾಗದಪತ್ರ ಟೈಪು ಮಾಡಿ ಬದುಕುತ್ತಿದ್ದಳು. ಊರವರ ವ್ಯಾಜ್ಯ, ಉಯಿಲು, ವಿಚ್ಛೇದನ ಎಲ್ಲ ಅವಳ ಕಂಪ್ಯೂಟರಿನಲ್ಲಿತ್ತು. ಬಾಯಿ ಬಿಡದವಳು ಎಂಬ ಹೆಸರೇ ಅವಳ ಅನ್ನ.

“ಅರ್ಧ ಗಂಟೆ ಸಾಕು ಅಕ್ಕಾ. ಸಣ್ಣ ಕೆಲಸ.”

“ಸಂಜೆಯೊಳಗೆ ಇದು ಹೋಗ್ಬೇಕು ಕಣೋ. ಸುಮ್ನಿರಲಾರ್ದೆ ಇರುವೆ ಬಿಟ್ಕೊಂಡ್ರಂತೆ! ಬೇಡ, ಹೋಗು.”

ಅವನು ಹೋದ. ಮತ್ತೆ ಬರಲಿಲ್ಲ. ಬೇಡವೆಂದವರ ಬಾಗಿಲನ್ನು ಇನ್ನೊಮ್ಮೆ ತಟ್ಟುವುದು ಅವನ ಜಾಯಮಾನವಲ್ಲ.

ಬಹಳ ದಿನ ಕಳೆಯಲಿಲ್ಲ. ಯಾರದೋ ವಿಚ್ಛೇದನದ ಅರ್ಜಿ, ಗಂಡಹೆಂಡಿರ ಮಲಗುವ ಕೋಣೆಯ ಮಾತಿನ ಸಮೇತ, ಊರಿನ ಫೋನುಗಳಲ್ಲೆಲ್ಲ ಹರಿದಾಡಿತು. ಜಾಡು ಹಿಡಿದು ಬಂದ ಪೊಲೀಸರು ಅಕ್ಕನ ಮನೆಯ ಡಬ್ಬಿಯ ಮುಂದೆ ನಿಂತರು. ವಕೀಲರು ಅವಳನ್ನು ಬೈಯಲಿಲ್ಲ. ಕೆಲಸ ಕಳಿಸುವುದನ್ನು ನಿಲ್ಲಿಸಿದರು, ಅಷ್ಟೆ.

ಅವನು ಹೊಸ ಡಬ್ಬಿ ಹಿಡಿದು ಬಂದ. “ನಾನು ಬಂದಿದ್ದೆ ಅಕ್ಕಾ. ನೀನೇ ಬೇಡ ಅಂದೆ.”

“ಅಂದೆ. ಹುಟ್ಟಿದಾಗ್ಲಿಂದ ನನ್ನ ಒಂದು ಮಾತು ಕೇಳಿದ್ಯೇನೋ ನೀನು? ಅದೊಂದನ್ನ ಮಾತ್ರ ಕೇಳ್ಬೇಕಿತ್ತಾ?”

ಅವನು ಹೊಸ ಡಬ್ಬಿಯ ಪ್ಲಾಸ್ಟಿಕ್ ಹೊದಿಕೆ ಸುಲಿಯತೊಡಗಿದ.

“ಕಳ್ಳ ಬರ್ತಾನೆ ಅಂತ ಬಾಯಿಬಿಟ್ಟು ಹೇಳಿದ್ಯಾ? ಸಣ್ಣ ಕೆಲಸ ಅಂತೆ!”

ಚಪ್ಪಲಿ ಬಿಟ್ಟು ಒಳಗೆ ಕಾಲಿಡಹೋದವನ ಕೈಯಿಂದ ಅವಳು ಡಬ್ಬಿ ಕಿತ್ತುಕೊಂಡಳು. “ಅಲ್ಲೇ ನಿಂತು ಹೇಳು. ನಾನೇ ಹಾಕ್ಕೋತೀನಿ.”

ಯಾವ ತಂತಿ ಯಾವ ತೂತಿಗೆ ಎಂದು ಅವನು ಹೊಸಿಲಾಚೆಯಿಂದ ಹೇಳಿದ. ಅವಳು ತಪ್ಪಿಲ್ಲದೆ ಸಿಕ್ಕಿಸಿದಳು. ಹಸಿರು ದೀಪ ಹತ್ತಿತು. ಕಳಿಸಲು ಕಾಗದ ಒಂದೂ ಇರಲಿಲ್ಲ.